ಓನರ್ ಆಂಟಿಯ ಶಿಫ್ಟು

ಓನರ್ ಆಂಟಿಯ ಬಲಗಣ್ಣಿನ ಸುತ್ತ ಬಳೆ ಒತ್ತಿದಂಥ ಒಂದು ಗುರುತಿತ್ತು. ಹುಬ್ಬಿನ ಕೆಳಗಿನಿಂದ ಹೊರಟು, ಕೆನ್ನೆಯ ಮೂಳೆಯನ್ನು ಸವರಿ, ಮೂಗಿನ ಪಕ್ಕದಿಂದ ಮತ್ತೆ ಮೇಲೇರುವ ತೆಳುಗಪ್ಪು ಗೆರೆ. ಮೊದಲ ಸಲ ನೋಡಿದವರು, ಪಾಪ, ಎಲ್ಲೋ ಬಿದ್ದು ಏಟು ಮಾಡಿಕೊಂಡಿದ್ದಾರೆ ಅಂದುಕೊಳ್ಳುತ್ತಿದ್ದರು. ಮನೆ ನೋಡಲು ಹೋದ ದಿನ ನಾನೂ ಹಾಗೇ ತಿಳಿದು, "ಕಣ್ಣಿಗೆ ಏನಾಯ್ತು ಆಂಟಿ?" ಎಂದು ಕೇಳಿದೆ.

"ಇಪ್ಪತ್ತೆಂಟು ವರ್ಷ ಸರ್ವೀಸ್ ಆಯ್ತು," ಎಂದರು.

ಅವರು ಕೈಗಡಿಯಾರ ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಬೆಳಗಿನಿಂದ ಸಂಜೆಯವರೆಗೆ ಕಣ್ಣಿಗೆ ಭೂತಗನ್ನಡಿಯ ಸಣ್ಣ ಕೊಳವೆ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಕೆಲಸ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಗುರುತು ಮಾತ್ರ ನಿವೃತ್ತಿ ತೆಗೆದುಕೊಂಡಿರಲಿಲ್ಲ.

ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಯಜಮಾನರು ತೀರಿಕೊಂಡಿದ್ದರು, ಮಗಳು ಮೈಸೂರಿನಲ್ಲಿದ್ದಳು. ಕೆಳಗೆ ಆಂಟಿ ಒಬ್ಬರೇ, ಮೇಲಿನ ಒಂದು ಕೋಣೆಯ ಮನೆಯಲ್ಲಿ ಬಾಡಿಗೆಗೆ ನಾನೊಬ್ಬನೇ. ಇಡೀ ಬೀದಿ ಅವರನ್ನು 'ಓನರ್ ಆಂಟಿ' ಎಂದೇ ಕರೆಯುತ್ತಿತ್ತು, ಸ್ವಂತ ಮನೆ ಇದ್ದವರು ಕೂಡ. ಅವರ ಹೆಸರು ನಮ್ಮ ಬಾಡಿಗೆ ಕರಾರಿನಲ್ಲಿತ್ತು. ಅದನ್ನು ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ನನ್ನದು ನಕ್ಷೆ ತಿದ್ದುವ ಕೆಲಸ. ಉಪಗ್ರಹ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತ, ಯಾವುದೋ ದೇಶದ ಯಾವುದೋ ಊರಿನ ರಸ್ತೆ, ಸೇತುವೆ, ಕಟ್ಟಡಗಳನ್ನು ಗೆರೆ ಎಳೆದು ಗುರುತಿಸಬೇಕು. ಆಫೀಸು ವೈಟ್‌ಫೀಲ್ಡಿನಲ್ಲಿ, ಅಂದರೆ ಊರಿನ ಆ ತುದಿಯಲ್ಲಿ. ಕೊರೋನಾದ ಮೇಲೆ ನಮ್ಮ ಕಂಪನಿ, ಮನೆಯಿಂದಲೇ ಕೆಲಸ ಮಾಡಿ ಎಂದುಬಿಟ್ಟಿತು. ದಿನಕ್ಕೆ ನಾಲ್ಕು ತಾಸು ಬಸ್ಸಿನಲ್ಲಿ ಕಳೆಯುತ್ತಿದ್ದವನಿಗೆ ಸ್ವರ್ಗ ಸಿಕ್ಕಂತಾಯಿತು. ಆ ನಾಲ್ಕು ತಾಸಿನಲ್ಲಿ ಇಂಗ್ಲಿಷ್ ಸುಧಾರಿಸಿಕೊಳ್ಳಬೇಕು, ಯೋಗ ಕಲಿಯಬೇಕು ಎಂದು ಪಟ್ಟಿ ಮಾಡಿದೆ. ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಪಟ್ಟಿ ನೋಡಲು ಹೋದಾಗಲೆಲ್ಲ ಫ್ರಿಜ್ಜು ತೆರೆದೆ.

ಆರು ತಿಂಗಳಲ್ಲಿ ನಾನು ಸಂಪೂರ್ಣ ಹಾಳಾದೆ. ಒಂಬತ್ತೂವರೆಗೆ ಹಾಜರಿ. ಹೊದಿಕೆಯೊಳಗಿನಿಂದ ಒಂದು ಕೈ ಹೊರಗೆ ಹಾಕಿ ಲಾಗಿನ್ ಆಗುತ್ತಿದ್ದೆ, ಕೈ ಮತ್ತೆ ಒಳಗೆ ಹೋಗುತ್ತಿತ್ತು. ದಿಂಬಿನ ಮೇಲೆ ಲ್ಯಾಪ್‌ಟಾಪು, ಹೊಟ್ಟೆಯ ಮೇಲೆ ಉಪ್ಪಿಟ್ಟಿನ ತಟ್ಟೆ. ಎರಡು ಬೀದಿ ಗುರುತಿಸುವಷ್ಟರಲ್ಲಿ ಹಾಲು ಉಕ್ಕುವ ನೆನಪು. ಹಾಲು ಇಳಿಸಿ ಬಂದರೆ ಫೋನು. ಐದೇ ನಿಮಿಷ ಎಂದು ಶುರುಮಾಡಿದರೆ, ಯಾರೋ ಪುಣ್ಯಾತ್ಮ ಕೆಸರಿನಲ್ಲಿ ಈಜುಕೊಳ ಕಟ್ಟುವ ವಿಡಿಯೋ ಕಟ್ಟಿ ಮುಗಿಯುವವರೆಗೆ ಬಿಡಲಾಗುತ್ತಿರಲಿಲ್ಲ. ವರ್ಷವಿಡೀ ಮುಟ್ಟದ ಫ್ಯಾನಿನ ರೆಕ್ಕೆಯನ್ನು ಒರೆಸಬೇಕು ಎಂದು ಮನಸ್ಸಾಗುತ್ತಿದ್ದುದೂ ಕೆಲಸದ ಹೊತ್ತಿನಲ್ಲೇ.

ಹನ್ನೊಂದು ಗಂಟೆಗೆ ಲುಂಗಿಯಲ್ಲಿ ಬಾಲ್ಕನಿಗೆ ಬಂದು ಆಕಳಿಸುವ ನನ್ನನ್ನು ನೋಡಿ ಬೀದಿ ತನ್ನದೇ ತೀರ್ಮಾನಕ್ಕೆ ಬಂದಿತ್ತು. ಎದುರು ಮನೆಯ ಯಜಮಾನರು ಒಂದು ದಿನ ಗೇಟಿನ ಬಳಿ ನಿಲ್ಲಿಸಿ, ದನಿ ತಗ್ಗಿಸಿ, "ಬೇಜಾರ್ ಮಾಡ್ಕೋಬೇಡಿ. ಪೀಣ್ಯದಲ್ಲಿ ನಮ್ಮ ಭಾವಮೈದನ ವರ್ಕ್‌ಶಾಪ್ ಇದೆ. ಒಂದ್ ಮಾತು ಹೇಳ್ಲಾ?" ಎಂದರು. ನಾನು ಕೆಲಸದಲ್ಲೇ ಇದ್ದೇನೆ ಎಂದೆ. "ಇರ್ಲಿ ಇರ್ಲಿ, ಎಲ್ರಿಗೂ ಒಂದ್ ಟೈಮ್ ಬರತ್ತೆ," ಎಂದು ಬೆನ್ನು ತಟ್ಟಿದರು.

ಆ ಟೈಮು ಬೇಗನೇ ಬಂತು. ಒಂದು ಮಧ್ಯಾಹ್ನ, ಅತ್ತ ಕಣ್ಣು ಇತ್ತ ಕೈ ಇಟ್ಟುಕೊಂಡು, ಎಲ್ಲೋ ದೂರದೇಶದ ಒಂದು ಊರಿನ ಮುಖ್ಯರಸ್ತೆಯನ್ನು ನೇರವಾಗಿ ಕೆರೆಯೊಳಗೆ ಹಾಯಿಸಿಬಿಟ್ಟಿದ್ದೆ. ಒಂದು ದಡದಲ್ಲಿ ಇಳಿದು ಇನ್ನೊಂದು ದಡದಲ್ಲಿ ಏಳುವ ರಸ್ತೆ. ಎರಡೂ ಕಡೆ ವಾಹನ ಸಂಚಾರಕ್ಕೆ ಅನುಮತಿ ಬೇರೆ ಕೊಟ್ಟಿದ್ದೆ. ನಮ್ಮ ಮ್ಯಾನೇಜರ್ ಫೋನ್ ಮಾಡಿದಾಗ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಕೈ ಒದ್ದೆ ಎಂದು ಸ್ಪೀಕರ್ ಹಾಕಿದ್ದೆ.

"ಏನ್ರೀ ಇದು, ಕೆರೆ ನೀಲಿಯಾಗಿ ಕಾಣ್ಸಲ್ವಾ? ಈ ತಿಂಗಳಲ್ಲಿ ಇದು ಎಷ್ಟನೇದು? ಮೂರು ತಿಂಗಳು ನೋಡ್ತೀವಿ. ಸುಧಾರಿಸ್ಲಿಲ್ಲ ಅಂದ್ರೆ ಆಮೇಲೆ ನನ್ನ ಕೈಲೂ ಏನೂ ಇಲ್ಲ."

ಫೋನಿಟ್ಟು ತಿರುಗಿದರೆ ಮೆಟ್ಟಿಲ ಮೇಲೆ ಓನರ್ ಆಂಟಿ, ಸಂಡಿಗೆಯ ಮೊರ ಹಿಡಿದು ನಿಂತಿದ್ದರು. ಮುಖದಲ್ಲಿ ನಿಜವಾದ ಗಾಬರಿ.

"ಯಾರಾದ್ರೂ ಬಿದ್ರಾ?"

"ಎಲ್ಲಿಗೆ ಆಂಟಿ?"

"ಕೆರೆಗೆ ಕಣೋ!"

ನಕ್ಷೆ ಇನ್ನೂ ಹೊರಗೆ ಹೋಗಿಲ್ಲ, ಯಾರೂ ಬಿದ್ದಿಲ್ಲ ಎಂದು ತಿಳಿಹೇಳಿದ ಮೇಲೆ ಅವರು ಮೊರ ಕೆಳಗಿಟ್ಟು ಒಳಗೆ ಬಂದರು. ಮಂಚ, ದಿಂಬು, ದಿಂಬಿನ ಮೇಲಿನ ಲ್ಯಾಪ್‌ಟಾಪು, ಅದರ ಸಂದುಗಳಲ್ಲಿದ್ದ ಉಪ್ಪಿಟ್ಟಿನ ರವೆ ಎಲ್ಲವನ್ನೂ ನೋಡಿದರು.

"ಇಲ್ಲಿ ಕೆಲಸ ಮಾಡ್ತೀಯಾ?"

"ಹೂಂ."

"ನಿದ್ದೆ ಎಲ್ಲಿ ಮಾಡ್ತೀಯಾ?"

ನಾನು ಅದೇ ಮಂಚವನ್ನು ತೋರಿಸಿದೆ.

"ಅದಕ್ಕೇ ಮಂಚಕ್ಕೂ ತಲೆಕೆಟ್ಟಿದೆ," ಎಂದರು. "ನಾಳೆ ಒಂಬತ್ತಕ್ಕೆ ಕೆಳಗ್ ಬಾ. ಸ್ನಾನ ಮಾಡ್ಕೊಂಡು."

ಅವರ ಹಜಾರದ ಪಕ್ಕ ಒಂದು ಚಿಕ್ಕ ಕೋಣೆ ಇತ್ತು. ಅಲ್ಲಿ ಗೋಡೆಗೆ ಮುಖಮಾಡಿದ ಒಂದು ಮರದ ಮೇಜು. ನೆರೆಹೊರೆಯವರ ವಾಚುಗಳನ್ನು ಅವರು ರಿಪೇರಿ ಮಾಡಿಕೊಡುತ್ತಿದ್ದುದು ಆ ಮೇಜಿನ ಮೇಲೆಯೇ. ಮಾರನೆಯ ಬೆಳಿಗ್ಗೆ ಅದರ ಮೇಲಿನ ಸಾಮಾನನ್ನೆಲ್ಲ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಕುರ್ಚಿ ಹಾಕಿಟ್ಟಿದ್ದರು. ನಾನು ಮೆಟ್ಟಿಲಿಳಿದು ನೇರವಾಗಿ ಬಾಗಿಲಿಗೆ ಬಂದೆ.

"ಎಲ್ಲಿಂದ ಬಂದೆ?"

"ಮೇಲಿಂದ."

"ಮೇಲಿಂದ ಬೀಳೋದು ಹಲ್ಲಿ. ಮನುಷ್ಯ ಮನೆಯಿಂದ ಹೊರಟು ಕೆಲಸಕ್ಕೆ ಬರ್ಬೇಕು. ಸ್ಟೇಷನ್ ತಂಕ ಹೋಗಿ ಬಾ."

ಹೋಗಿ ಬಂದೆ. ಇಸ್ತ್ರಿ ಅಂಗಿ, ಹೆಗಲಿಗೆ ಬ್ಯಾಗು, ಹದಿನೈದು ನಿಮಿಷದ ನಡಿಗೆ. ವಾಪಸು ಬರುವಾಗ ಎದುರು ಮನೆಯ ಯಜಮಾನರು ಸಂತೋಷದಿಂದ ಕೈ ಕುಲುಕಿದರು. "ಕೆಲಸ ಸಿಕ್ತಾ? ಎಲ್ಲಿ?"

"ಇಲ್ಲೇ, ಆಂಟಿ ಮನೇಲಿ," ಎಂದೆ. ಅವರು ಕುಲುಕುವುದನ್ನು ನಿಲ್ಲಿಸಿ ಕೈಯನ್ನು ಸುಮ್ಮನೆ ಹಿಡಿದುಕೊಂಡರು. ಆ ವಾರವೆಲ್ಲ ಬೀದಿಯಲ್ಲಿ ನಾನು ಓನರ್ ಆಂಟಿಯ ಮನೆಗೆಲಸಕ್ಕೆ ಸೇರಿದ್ದೇನೆ ಎಂಬ ಸುದ್ದಿ.

ಆ ಕೋಣೆಗೆ ಕಾನೂನುಗಳಿದ್ದವು. ಚಪ್ಪಲಿ ಹೊರಗೆ. ಫೋನು ರವೆ ಡಬ್ಬದೊಳಗೆ, ಡಬ್ಬ ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಆಫೀಸಿನ ಕರೆಗಳೆಲ್ಲ ಲ್ಯಾಪ್‌ಟಾಪಿಗೇ ಬರುತ್ತವೆ ಎಂದು ಬಾಯಿತಪ್ಪಿ ಹೇಳಿದ್ದೆ, ಅದೇ ತಪ್ಪಾಯಿತು. ಮೇಜಿನ ಮೇಲೆ ಲ್ಯಾಪ್‌ಟಾಪು, ನೀರಿನ ಲೋಟ, ಬೇರೇನೂ ಇರಕೂಡದು. ಒಂದು ಬೀದಿ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಕೂಡದು. "ಕೈಲಿರೋ ವಾಚು ನೋಡು. ಟ್ರೇಯಲ್ಲಿರೋದು ಟ್ರೇಯಲ್ಲೇ ಇರತ್ತೆ, ಎದ್ದು ಓಡೋಗಲ್ಲ," ಎನ್ನುತ್ತಿದ್ದರು. ಮುಕ್ಕಾಲು ಗಂಟೆಗೊಮ್ಮೆ ಎಬ್ಬಿಸಿ ಬಾಗಿಲಿಗೆ ಕರೆದುಕೊಂಡು ಹೋಗಿ ದೂರದ ತೆಂಗಿನಮರ ನೋಡಲು ಹೇಳುತ್ತಿದ್ದರು. "ಎಷ್ಟು ಕಾಯಿ ಇದೆ ಎಣಿಸು." ಅದು ಕಣ್ಣಿಗೆ ವಿಶ್ರಾಂತಿ. ಆ ಮರದ ಕಾಯಿಗಳ ವಿಷಯದಲ್ಲಿ ಮರದ ಒಡೆಯನಿಗಿಂತ ಹೆಚ್ಚು ತಿಳಿದವನು ನಾನು.

ಆಂಟಿ ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಕೂತಿರುತ್ತಿದ್ದರು. ನನ್ನ ಬೆನ್ನು ಅವರ ಕಡೆಗಿತ್ತು, ಪರದೆ ಅವರಿಗೆ ಕಾಣುತ್ತಿರಲಿಲ್ಲ. ಆದರೂ ನಾನು ಕೆಲಸ ಬಿಟ್ಟು ಕ್ರಿಕೆಟ್ ಸ್ಕೋರು ತೆರೆದ ಮರುಗಳಿಗೆ, "ಬೆಂಚಿಗೆ ವಾಪಸ್ ಬಾ," ಎಂಬ ದನಿ ಬರುತ್ತಿತ್ತು. ಕೆಲಸದ ಮೇಜಿಗೆ ಅವರ ಬಾಯಲ್ಲಿ ಕಾರ್ಖಾನೆಯ ಹೆಸರೇ, ಬೆಂಚು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಮೌಸು. ಕೆಲಸದ ಕ್ಲಿಕ್ಕು ಬೇರೆ, ಸುಮ್ ಸುಮ್ನೆ ಕ್ಲಿಕ್ಕು ಬೇರೆ. ಟಿಕ್ ಟಿಕ್ ಕೇಳ್ಕೊಂಡೇ ಬದುಕಿದೋಳು ಕಣೋ ನಾನು."

ಎರಡು ವಾರದಲ್ಲಿ ನನ್ನ ತಪ್ಪುಗಳು ಅರ್ಧಕ್ಕಿಳಿದವು. ಒಂದು ತಿಂಗಳಲ್ಲಿ ಕೆರೆಗಳೆಲ್ಲ ಕೆರೆಗಳಾಗಿಯೇ ಉಳಿದವು.

ಊಟದ ಪ್ರಸಂಗ ನಡೆದದ್ದು ಆಗ. ಹನ್ನೆರಡೂವರೆಗೆ ಊಟದ ಗಂಟೆ ಎಂದು ಆಂಟಿಯ ಲೆಕ್ಕ. ನಮ್ಮ ಮ್ಯಾನೇಜರ್ ಸರಿಯಾಗಿ ಅದೇ ಹೊತ್ತಿಗೆ ತಂಡದವರನ್ನೆಲ್ಲ ವಿಡಿಯೋ ಮೀಟಿಂಗಿಗೆ ಕರೆಯುತ್ತಿದ್ದರು. ಮೂರು ದಿನ ಅನ್ನ ಆರಿಹೋಯಿತು. ನಾಲ್ಕನೆಯ ದಿನ, ನಾನು ಈ ವಾರದ ಪ್ರಗತಿಯ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದಾಗ, ನನ್ನ ಹೆಗಲ ಮೇಲಿಂದ ಸಾರಿನ ಸೌಟು ಪರದೆಯೊಳಗೆ ಪ್ರವೇಶಿಸಿತು. ಹಿಂದೆಯೇ ಆಂಟಿಯ ಮುಖ.

"ಯಾರಪ್ಪಾ ಅದು, ಊಟದ ಟೈಮಲ್ಲಿ ಕೆಲಸದವರನ್ನ ಹಿಡ್ಕೊಂಡಿರೋದು?"

ಪರದೆಯ ಮೇಲಿದ್ದ ಹನ್ನೊಂದು ಮುಖಗಳು ಒಮ್ಮೆಲೇ ನೆಟ್ಟಗಾದವು. ನಾನು ಮ್ಯೂಟ್ ಗುಂಡಿ ಹುಡುಕಿದೆ, ಸೌಟು ಅಡ್ಡವಿತ್ತು.

"ಆಂಟಿ, ಇನ್ನು ಐದೇ ನಿಮಿಷ..." ಎಂದರು ಮ್ಯಾನೇಜರ್.

"ಐದ್ ನಿಮಿಷ ಅಂದೋರು ಯಾರೂ ಐದ್ ನಿಮಿಷಕ್ಕೆ ಮುಗಿಸಿದ್ದು ನಾನ್ ಕಾಣೆ. ನೀವೂ ಊಟ ಮಾಡಿಲ್ಲ ಅಲ್ವಾ? ಮುಖ ಬಾಡಿದೆ. ಹೋಗಿ, ಕೈ ತೊಳ್ಕೊಳಿ."

ಮ್ಯಾನೇಜರ್ ಗಡಿಯಾರ ನೋಡಿಕೊಂಡರು. ಆಮೇಲೆ, "ಸರಿ, ಎರಡು ಗಂಟೆಗೆ ಸೇರೋಣ," ಎಂದು ಹೋಗಿಯೇಬಿಟ್ಟರು. ಆ ಮೀಟಿಂಗು ಅವತ್ತಿನಿಂದ ಶಾಶ್ವತವಾಗಿ ಎರಡು ಗಂಟೆಗೆ ಹೋಯಿತು. ತಂಡದಲ್ಲಿ ಕನ್ನಡ ಬಾರದ ನಾಲ್ವರಿದ್ದರು. ಅವರು, ಬಂದವರು ಹೆಡ್ ಆಫೀಸಿನ ಯಾರೋ ದೊಡ್ಡ ಅಧಿಕಾರಿ ಎಂದು ತಿಳಿದು, ಮುಂದಿನ ಮೀಟಿಂಗಿಗೆ ಟೈ ಕಟ್ಟಿಕೊಂಡು ಬಂದಿದ್ದರು.

ಮೂರು ತಿಂಗಳ ಗಡುವು ಮುಗಿದಾಗ ಮ್ಯಾನೇಜರ್, "ಪರ್ವಾಗಿಲ್ವೇ, ಏನ್ ಮಾಡಿದ್ರಿ?" ಎಂದು ಕೇಳಿದರು. ನನ್ನ ಕೆಲಸ ಉಳಿದಿತ್ತು. ಆಂಟಿ ಅವತ್ತು ಹೆಸರುಬೇಳೆ ಪಾಯಸ ಮಾಡಿದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಲಸದ ರುಚಿ ಹತ್ತಿದ ಸೋಮಾರಿಯಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ. ತಂಡದಲ್ಲಿ ಎಲ್ಲರಿಗಿಂತ ಕಡಿಮೆ ತಪ್ಪು ನನ್ನದು ಎಂದು ಗೊತ್ತಾದದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಬೇರೆಯವರ ಊರುಗಳನ್ನೂ ಕೇಳಿ ಪಡೆದೆ. ಐದೂವರೆಗೆ ಆಂಟಿ, "ಶಿಫ್ಟ್ ಮುಗೀತು," ಎಂದು ಕೋಣೆಯ ದೀಪ ಆರಿಸಿದರೆ, ಒಳ್ಳೆಯ ಹುಡುಗನಂತೆ ಎದ್ದು, ಮೇಲೆ ಹೋಗಿ, ಮತ್ತೆ ಅದೇ ಮಂಚದ ಮೇಲೆ ಶುರುಮಾಡುತ್ತಿದ್ದೆ. ಆಂಟಿಗೆ ಗೊತ್ತಾಯಿತು. ನಮ್ಮ ಮನೆಯ ಕರೆಂಟಿನ ಮೇನ್ ಸ್ವಿಚ್ಚು ಕೆಳಗೆ, ಅವರ ಬಾಗಿಲ ಪಕ್ಕದಲ್ಲಿತ್ತು. ಮರುದಿನದಿಂದ ಐದೂವರೆಗೆ ಸರಿಯಾಗಿ ಮೇಲಿನ ಮನೆಯ ಕರೆಂಟು ಹೋಗತೊಡಗಿತು. ಏಳಕ್ಕೆ ಬರುತ್ತಿತ್ತು. ಮೊದಮೊದಲು ನಾನು ವಿದ್ಯುತ್ ಇಲಾಖೆಗೆ ದೂರು ಕೊಡಲು ಕೂಡ ಹೊರಟಿದ್ದೆ.

ಒಂದು ಸಂಜೆ ಆರು ಗಂಟೆಗೆ ಒಂದು ಇಡೀ ಜಿಲ್ಲೆಯ ನಕ್ಷೆ ಕಳಿಸಬೇಕಿತ್ತು. ಇನ್ನೂ ಇಪ್ಪತ್ತು ನಿಮಿಷದ ಕೆಲಸ ಬಾಕಿಯಿತ್ತು. ಟಕ್ ಎಂದು ಕರೆಂಟು ಹೋಯಿತು, ಅದರ ಜೊತೆಗೆ ಇಂಟರ್‌ನೆಟ್ಟೂ. ನಾನು ಮೆಟ್ಟಿಲನ್ನು ಎರಡೆರಡು ಹಾರಿ ಕೆಳಗೆ ಬಂದೆ.

"ಏನ್ ಆಂಟಿ ಇದು? ನನ್ ಕೆಲಸ ಇದು! ನಿಮ್ ಕಾರ್ಖಾನೆ ಅಲ್ಲ ಐದೂವರೆಗೆ ಬಾಗಿಲು ಹಾಕೋಕೆ. ಹಂಗೆ ದಿನಾ ಹಾಕೀ ಹಾಕೀ ತಾನೇ ಕೊನೆಗೆ ಪೂರ್ತಿ ಹಾಕ್ಬಿಟ್ರು!"

ಹೇಳಿದ ಮೇಲೆ ಕೇಳಿಸಿತು, ನಾನು ಏನು ಹೇಳಿದೆನೆಂದು. ಆಂಟಿ ಸ್ವಿಚ್ಚನ್ನು ಮೇಲಕ್ಕೆತ್ತಿದರು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಕ್ಷೆ ಸಮಯಕ್ಕೆ ಹೋಯಿತು. ಆದರೆ ಮರುದಿನ ಸ್ಟೇಷನ್ನಿನವರೆಗೆ ನಡೆದು ಬಂದು ಕೋಣೆಯಲ್ಲಿ ಕೂತರೆ, ಹಜಾರದಲ್ಲಿ ಯಾರೂ ಇರಲಿಲ್ಲ. ಕಾಫಿ ಬರಲಿಲ್ಲ. ತೆಂಗಿನಮರ ನೋಡು ಎನ್ನುವವರಿರಲಿಲ್ಲ. ಬೇಕೆಂದೇ ಸುಮ್ಮಸುಮ್ಮನೆ ಕ್ಲಿಕ್ ಮಾಡಿದೆ. ಇನ್ನೂ ಜೋರಾಗಿ ಮಾಡಿದೆ. ಅಡುಗೆಮನೆಯಿಂದ ಸದ್ದಿಲ್ಲ. ಹೀಗೆ ಮೂರು ದಿನ. ನನಗೆ ಸಂಪೂರ್ಣ ಸ್ವಾತಂತ್ರ್ಯ ಸಿಕ್ಕಿತ್ತು, ಒಂದು ಬೀದಿಯೂ ನೆಟ್ಟಗೆ ಬರುತ್ತಿರಲಿಲ್ಲ.

ನಾಲ್ಕನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. "ತಪ್ಪಾಯ್ತು ಆಂಟಿ," ಎಂದೆ. ಅವರು ಹುರುಳಿಕಾಯಿ ಹೆಚ್ಚುತ್ತಿದ್ದರು. ನಿಲ್ಲಿಸಲಿಲ್ಲ.

"ಕೊನೇ ವರ್ಷ ನಮಗೆ ಪಾರ್ಟ್ಸೇ ಬರ್ತಿರ್ಲಿಲ್ಲ," ಎಂದರು, ಚಾಕುವಿನ ಕಡೆಗೇ ನೋಡುತ್ತ. "ದಿನಾ ಹೋಗೋದು, ಕಾರ್ಡ್ ಪಂಚ್ ಮಾಡೋದು, ಬೆಂಚ್ ಮುಂದೆ ಕೂತ್ಕೊಳೋದು. ಕೆಲವ್ರು ಸ್ವೆಟರ್ ಹೆಣೀತಿದ್ರು. ನಾನು ಒಂದೇ ವಾಚನ್ನ ಬೆಳಿಗ್ಗೆ ಪೂರ್ತಿ ಬಿಚ್ತಿದ್ದೆ, ಸಂಜೆ ಹೊತ್ಗೆ ಪೂರ್ತಿ ಜೋಡಿಸ್ತಿದ್ದೆ. ಮಾರ್ನೇ ದಿನ ಮತ್ತೆ ಅದನ್ನೇ. ಒಂದ್ ವರ್ಷ. ಕೆಲಸ ಇಲ್ದೆ ಇದ್ರೆ ಐದೂವರೆ ಅನ್ನೋದು ಬರೋದೇ ಇಲ್ಲ ಕಣೋ. ನಿನ್ ಮಂಚ ನೋಡ್ದಾಗ ನಂಗೆ ಅದೇ ನೆನಪಾಯ್ತು."

"ಮತ್ತೆ ಈಗ ಕೆಲಸ ಮಾಡಿದ್ರೆ ಯಾಕ್ ಬೇಡ ಅಂತೀರ?"

ಆಗ ಚಾಕು ನಿಂತಿತು.

"ಅದಕ್ಕೂ ಮುಂಚೆ ಕೈತುಂಬ ಕೆಲಸ ಇದ್ದ ಕಾಲದಲ್ಲಿ ನಾನು ದಿನಾ ಓವರ್‌ಟೈಮ್ ಮಾಡ್ತಿದ್ದೆ. ಯಾರೂ ಮಾಡು ಅಂದಿರ್ಲಿಲ್ಲ. ಎಲ್ರಿಗಿಂತ ಜಾಸ್ತಿ ವಾಚು ನಂದೇ ಅಂತ ಒಂದ್ ಕೊಬ್ಬು. ಮಗಳ ಸ್ಕೂಲ್ ಡೇ ದಿನಾನೂ, ಇದೊಂದ್ ಟ್ರೇ ಮುಗಿಸ್ಬಿಟ್ಟು ಹೋಗ್ತೀನಿ ಅಂತ ಕೂತೆ. ಹೋದಾಗ ಶಾಮಿಯಾನ ಬಿಚ್ತಿದ್ರು. ಅವಳು ಡಾನ್ಸ್ ಡ್ರೆಸ್ಸಲ್ಲಿ ಮೆಟ್ಲ ಮೇಲೆ ಕೂತಿದ್ಲು. ಅಮ್ಮಾ, ಈಗ ಇಲ್ಲೇ ಇನ್ನೊಂದ್ಸಲ ಕುಣೀಲಾ ಅಂದ್ಲು." ಹೆಚ್ಚಿದ್ದನ್ನು ಒಂದು ಬದಿಗೆ ಸರಿಸಿ ಹೇಳಿದರು: "ನನ್ ಮೇನ್ ಸ್ವಿಚ್ಚು ಯಾರೂ ಆಫ್ ಮಾಡ್ಲಿಲ್ಲ ನೋಡು."

ನಾನು ಇನ್ನೊಂದು ಚಾಕು ತೆಗೆದುಕೊಂಡು ಹುರುಳಿಕಾಯಿಗೆ ಕೂತೆ. ಎರಡು ನಿಮಿಷ ನೋಡಿ ಅವರು, "ಇಷ್ಟಿಷ್ಟುದ್ದ ಹೆಚ್ತಾರಾ? ಅಳತೆ ಬೇಡ್ವಾ?" ಎಂದು ರೇಗಿದರು. ಆಗ ಸಮಾಧಾನವಾಯಿತು.

ಐದೂವರೆಯ ನಂತರ ನನಗೊಂದು ಸಂಜೆ ಇದೆ ಎಂಬುದು ಗೊತ್ತಾದದ್ದು ಅಲ್ಲಿಂದ ಮುಂದೆ. ಏನು ಮಾಡುವುದೆಂದು ತಿಳಿಯದೆ ಮೊದಲ ದಿನ ಗೇಟಿನ ಬಳಿ ಸುಮ್ಮನೆ ನಿಂತಿದ್ದೆ. ಎದುರು ಮನೆಯ ಯಜಮಾನರು, "ಮನೆಗೆಲಸ ಮುಗೀತಾ?" ಎಂದರು. ಎರಡನೆಯ ವಾರ ಸ್ಟೇಷನ್ ರಸ್ತೆಯ ಶಟಲ್ ಕೋರ್ಟಿಗೆ ಸೇರಿಕೊಂಡೆ. ಅಲ್ಲಿ ನನ್ನನ್ನು ದಿನವೂ ಸೋಲಿಸುತ್ತಿದ್ದ ಹುಡುಗಿ ಈಗ ನನ್ನ ಹೆಂಡತಿ. ಇಂದಿಗೂ ಸೋಲಿಸುತ್ತಾಳೆ.

ಎರಡು ವರ್ಷದ ಮೇಲೆ ಕಂಪನಿ ಎಲ್ಲರನ್ನೂ ಆಫೀಸಿಗೆ ವಾಪಸು ಕರೆಯಿತು. ಆಫೀಸಿಗೆ ಹತ್ತಿರವೆಂದು ಮಾರತ್ತಹಳ್ಳಿಯಲ್ಲಿ ಮನೆ ಮಾಡಿದೆವು. ಹೊರಡುವ ದಿನ ಆಂಟಿ ಕಣ್ಣೀರು ಹಾಕಬಹುದೆಂದು ನಾನು ಕರವಸ್ತ್ರ ಇಟ್ಟುಕೊಂಡಿದ್ದೆ. ಅವರು ಲಾರಿಗೆ ಸಾಮಾನು ಏರಿಸುವವರ ಹಿಂದೆ ನಿಂತು, ಭಾರದ್ದು ಮೊದಲು, ಗಾಜಿನದು ಕೊನೆಗೆ ಎಂದು ಹೇಳುವುದರಲ್ಲಿ ಮುಳುಗಿಹೋಗಿದ್ದರು. ಕರವಸ್ತ್ರ ನನಗೇ ಬೇಕಾಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಮೈಸೂರಿನ ಮಗಳು ಫೋನ್ ಮಾಡಿದಳು. ಆಂಟಿ ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಹನ್ನೊಂದಕ್ಕೆ ಎತ್ತುತ್ತಾರೆ ಎಂದಳು. ಆಫೀಸಿನ ರಜೆಯ ಅರ್ಜಿಯಲ್ಲಿ, ಸಾವಿನ ಕಾರಣಕ್ಕೆ ರಜೆ ಬೇಕಾದರೆ ತೀರಿಕೊಂಡವರು ಏನಾಗಬೇಕು ಎಂದು ಆರಿಸಬೇಕು. ತಂದೆ, ತಾಯಿ, ಪತಿ, ಪತ್ನಿ, ಮಕ್ಕಳು, ಇತರೆ. 'ಇತರೆ' ಒತ್ತಿ, 'ಹಿಂದೆ ಬಾಡಿಗೆಗಿದ್ದ ಮನೆಯ ಓನರ್' ಎಂದು ಬರೆದೆ. ಮ್ಯಾನೇಜರ್ ಫೋನ್ ಮಾಡಿದರು.

"ಏನ್ರೀ ಇದು, ಮನೆ ಓನರ್‌ಗೆಲ್ಲ ಈ ರಜೆ ಕೊಡೋಕಾಗಲ್ಲ..." ಎಂದವರು ತಡೆದರು. "ಒಂದ್ನಿಮಿಷ. ಆ ಆಂಟಿನಾ?"

"ಹೂಂ ಸಾರ್."

"ಹೋಗಿ ಬನ್ನಿ. ಅರ್ಜಿ ನಾನ್ ನೋಡ್ಕೋತೀನಿ."

ಚಿಕ್ಕಬಾಣಾವರದ ಆ ಬೀದಿಯಲ್ಲಿ ಶಾಮಿಯಾನ ಹಾಕಿದ್ದರು. ನೆಂಟರು ಒಬ್ಬೊಬ್ಬರಾಗಿ ಬರುತ್ತಿದ್ದರು. ಹತ್ತು ಗಂಟೆಗೆ ಒಂದು ಟೆಂಪೋ ಬಂದು ನಿಂತು, ಅದರಿಂದ ಹದಿನೆಂಟು ಇಪ್ಪತ್ತು ಮಂದಿ ವಯಸ್ಸಾದ ಹೆಂಗಸರು ಇಳಿದರು. ಎಲ್ಲರೂ ಕಾರ್ಖಾನೆಯವರು. ಹೊಸದಾಗಿ ಸೇರಿದ ಹುಡುಗಿಯರಿಗೆ ಕೆಲಸ ಕಲಿಸುತ್ತಿದ್ದುದು ನಮ್ಮ ಆಂಟಿಯಂತೆ. ನನಗೆ ಅದು ಗೊತ್ತಾದದ್ದೇ ಅವತ್ತು. ಯಾರೂ ಹೇಳದೆ ಅವರೆಲ್ಲ ಸಾಲಾಗಿ ನಿಂತರು. ಒಬ್ಬೊಬ್ಬರೇ ಮುಂದೆ ಹೋಗಿ, ಹೂವು ಹಾಕಿ, ಪಕ್ಕದಲ್ಲಿ ಕೂತಿದ್ದ ಮಗಳಿಗೆ ತಮ್ಮ ಪರಿಚಯ ಹೇಳಿಕೊಳ್ಳುತ್ತಿದ್ದರು. "ನಾನು ಎರಡನೇ ಬ್ಯಾಚಮ್ಮ." "ನಂದು ನಾಲ್ಕನೇ ಬ್ಯಾಚು, ನಿಮ್ಮಮ್ಮನ ಹತ್ರ ಬೈಸ್ಕೊಂಡಷ್ಟು ನಮ್ಮಮ್ಮನ ಹತ್ರಾನೂ ಬೈಸ್ಕೊಂಡಿಲ್ಲ."

ನಾನು ಹೂವು ಹಿಡಿದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸಾಲಿನ ಪಕ್ಕದಲ್ಲಿ ಸುಳಿದಾಡುತ್ತಿದ್ದೆ. ಕೊನೆಯಲ್ಲಿ ನಿಂತಿದ್ದ ದಪ್ಪ ಕನ್ನಡಕದ ಅಜ್ಜಿಯೊಬ್ಬರು ತಿರುಗಿ ನೋಡಿದರು.

"ನೀನು ಯಾರಪ್ಪಾ? ನೆಂಟ್ರಾ?"

"ಅಲ್ಲಮ್ಮ. ನಾನೂ ಆಂಟಿ ಹತ್ರ ಕೆಲಸ ಕಲಿತೋನು," ಎಂದೆ. "ಕೊನೇ ಬ್ಯಾಚು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗಂಡು ಹುಡುಗರನ್ನೂ ತಗೊಂಡಿದ್ರಾ?"

"ಒಬ್ಬನ್ನೇ."

ಅಜ್ಜಿ ತಲೆಯಾಡಿಸಿ, ನನ್ನ ತೋಳು ಹಿಡಿದು, ತಮ್ಮ ಹಿಂದೆ ಸಾಲಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡರು.